ಕಡಿಮಿ ರೊಕ್ಕದಾಗ ಮನಿ ಚಂದ ಮಾಡೋದು: ಸುಣ್ಣನೋ ಸ್ಟಿಕ್ಕರೋ, ಕೌದಿನೋ ಕಾರ್ಪೆಟ್ಟೋ

ದೀಪಾವಳಿ ಹತ್ರ ಬಂತು ಅಂದ್ರ, ಇಲ್ಲಾ ಮನ್ಯಾಗ ಏನರ ಒಂದು ಕಾರ್ಯ ಐತಿ ಅಂದ್ರ, ಶುರುವಾಗ್ತೈತಿ ನೋಡ್ರಿ, ಮೊಬೈಲ್‌ನಾಗ ವಿಡಿಯೋ ನೋಡೋದು, ಆ ಶೀಟು ಹಚ್ಚೋಣು, ಈ ಲೈಟು ಹಾಕೋಣು, ಅದು ಆನ್‌ಲೈನ್‌ನಾಗ ಆಫರ್ ಐತಿ ಅಂತ. ತಪ್ಪಿಲ್ಲ. ಆದ್ರ ಆ ವಿಡಿಯೋ ಮಾಡೋರು ಎಸಿ ಇರೋ ಫ್ಲಾಟಿನಾಗ ಕುಂತು ಮಾಡಿರ್ತಾರ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡಿ ಏಪ್ರಿಲ್-ಮೇ ಬಂದ್ರ 40 ಡಿಗ್ರಿ ದಾಟೋದು ದೊಡ್ಡ ಸುದ್ದಿನೇ ಅಲ್ಲ, ಸಂಡೂರು ಕಡಿ ಕೆಂಪು ಧೂಳು, ಎರಿ ಹೊಲದ ಊರಾಗ ಕರಿ ಧೂಳು, ಮತ್ತ ಎರಿ ಮಣ್ಣು ನೀರು ಕುಡದು ಉಬ್ಬಿ ಬ್ಯಾಸಿಗ್ಯಾಗ ಬಿರಿಯೋದ್ರಿಂದ ಅದರ ಮ್ಯಾಲ ಕಟ್ಟಿದ ಮನಿ ಗ್ವಾಡಿನೂ ಸಣ್ಣಗೆ ಸೀಳ್ತಾವ. ಹಂಗಾಗಿ ನಾನು ಯಾವುದನ್ನ ಹೋಲ್ಸಿದ್ರೂ ಮೊದ್ಲು ಕೇಳೋದು ಬಿಸಲಿಗೆ ತಡಿತೈತೋ ಇಲ್ಲೋ, ಧೂಳು ಕೊಡವಾಕ ತೊಳ್ಯಾಕ ಬರ್ತೈತೋ ಇಲ್ಲೋ, ಮನಿ ಮಂದಿ ಹುಡುಗ್ರ ಕೈಲೆ ಎಷ್ಟು ಆಗ್ತೈತಿ ಅಂತ. ನೋಡಾಕ ಚಂದ ಐತೇನು ಅನ್ನೋದು ಆಮ್ಯಾಲ.

ಗ್ವಾಡಿ: ಸುಣ್ಣ, ಡಿಸ್ಟೆಂಪರ್, ಎಮಲ್ಷನ್, ಫೋಮ್ ಶೀಟ್

ರೊಕ್ಕ ಜಾಸ್ತಿ ಹೋಗೋದು ಇಲ್ಲೇ, ಅದಕ್ಕ ಸ್ವಲ್ಪ ಲೆಕ್ಕ ಹಾಕೋಣು. ಒಂದು ರೂಮು 10 ಅಡಿ 12 ಅಡಿ, ಎತ್ತರ 10 ಅಡಿ ಅಂತ ತಗೋರಿ. ನಾಲ್ಕೂ ಗ್ವಾಡಿ ಸೇರಿ 440 ಚದರ ಅಡಿ, ಬಾಗ್ಲ ಕಿಡಕಿ ಕಳದ್ರ 400ರ ಸುಮಾರು. ದೊಡ್ಡ ಗ್ವಾಡಿ ಒಂದೇ ಹಿಡದ್ರ 120 ಚದರ ಅಡಿ.

ಈಗ ಎಲ್ಲಾರೂ ಕೇಳೋ ಫೋಮ್ ಶೀಟು, ಇಟ್ಟಂಗಿ ಡಿಸೈನ್ ಇರೋದು, ಹಿಂದ ಕಾಗದ ಕಿತ್ತಿ ಅಂಟ್ಸೋದು. 70 ಸೆಂಟಿಮೀಟರ್ ಅಗಲ 77 ಉದ್ದ ಅಂತ ಬರೋ ಶೀಟು ಒಂದಕ್ಕ ಆರು ಚದರ ಅಡಿಗಿಂತ ತುಸು ಕಡಿಮಿ ಆಗ್ತೈತಿ. ಅಂದ್ರ ಆ ಒಂದು ಗ್ವಾಡಿಗೇ 21 ಶೀಟು ಬೇಕು, ಸ್ವಿಚ್ ಬೋರ್ಡು ಮೂಲಿ ಅಂತ ಕತ್ತರಿಸಿ ಹಾಳಾಗೋದು ಸೇರಿ 23 ಹಿಡೀರಿ, ಅದನ್ನ ನಿಮಗ ಸಿಗೋ ರೇಟಿಗೆ ಗುಣಿಸಿ ನೋಡ್ರಿ, ಒಂದು ಶೀಟಿನ ರೇಟು ನೋಡಿ ಸೋವಿ ಅನ್ಸಿದ್ದು ಒಮ್ಮೆಲೆ ತುಟ್ಟಿ ಕಾಣ್ತೈತಿ. ಅದೇ 120 ಚದರ ಅಡಿಗೆ ಎಮಲ್ಷನ್, ಅಂದ್ರ ತೊಳ್ಯಾಕ ಬರೋ ಪೇಂಟ್, ಎರಡು ಕೈ ಹೊಡಿಯಾಕ, ಗ್ವಾಡಿ ನುಣ್ಣಗಿದ್ರ, ಸುಮಾರು ಎರಡು ಲೀಟರ್ ಸಾಕು.

ರೇಟು ಬಿಡ್ರಿ, ಶೀಟಿನ ಖರೇ ತೊಂದರೆ ಬ್ಯಾರೆ ಐತಿ. ಅದು ನಿಲ್ಲೋದು ಅಂಟಿನ ಮ್ಯಾಲ, ಅಂಟು ನಿಲ್ಲೋದು ಗ್ವಾಡಿ ಮ್ಯಾಲಿನ ಬಣ್ಣದ ಮ್ಯಾಲ. ನಮ್ಮ ಕಡಿ ಹಳಿ ಮನಿ ಎಷ್ಟೋ ಸುಣ್ಣದ ಗ್ವಾಡಿನೇ, ಕೈ ಇಟ್ರ ಬಿಳಿ ಹತ್ತೋ ಗ್ವಾಡಿ, ಅದಕ್ಕ ಅಂಟ್ಸಿದ್ರ ಸುಣ್ಣದ ಪದರ ಸಮೇತ ಕಿತ್ಕೊಂಡು ಬರ್ತೈತಿ. ಪಡುವಣ ಕಡಿ ಗ್ವಾಡಿ ಮಧ್ಯಾಹ್ನದಿಂದ ಸಂಜಿತನ ಕಾಯ್ತೈತಿ, ಕಾದ್ರ ಅಂಟು ಮೆತ್ತಗಾಗಿ ಮೂಲಿ ಮೂಲಿ ಏಳ್ತೈತಿ, ಎದ್ದ ಸಂದ್ಯಾಗ ಹಲ್ಲಿ ಜೊಂಡಿಗ್ಯ ಸೇರ್ಕೊಂತಾವ. ಮತ್ತೊಂದು, ಅದು ಪ್ಲಾಸ್ಟಿಕ್ ಫೋಮು, ಬೆಂಕಿ ಹತ್ತಿದ್ರ ಭರ್ ಅಂತ ಉರಿತೈತಿ, ಗ್ಯಾಸ್ ಒಲಿ ಹಿಂದ, ದೇವರ ಜಗಲಿ ಹಿಂದ ದೀಪ ಹಚ್ಚೋ ಕಡಿ ಎಷ್ಟೇ ಚಂದ ಕಂಡ್ರೂ ಹಚ್ಚಬ್ಯಾಡ್ರಿ. ಎಲ್ಲಿ ಹಚ್ಚಬೌದು ಅಂದ್ರ, ಪೇಂಟ್ ಹೊಡದ ನುಣ್ಣನ ಗ್ವಾಡಿ, ಬಿಸಲು ಬೀಳಬಾರ್ದು, ಬಾಡಿಗಿ ಮನಿ ಅಲ್ಲದಿದ್ರ ಇನ್ನೂ ಚಲೋ, ಯಾಕಂದ್ರ ಕಿತ್ತಾಗ ಪೇಂಟ್ ಹೋದ್ರ ಓನರ್ ಅಡ್ವಾನ್ಸಿನಾಗ ಹಿಡಕೊಂತಾರ.

ಸುಣ್ಣ ಅಂದ್ರ ಈಗಿನ ಹುಡುಗ್ರಿಗೆ ಅದೇನು ಹಳಿ ಕಾಲದ್ದು ಅನ್ಸತೈತಿ, ನನ್ನ ಕೇಳಿದ್ರ ಹಳಿ ಮನಿಗೆ, ಮಾಳಗಿ (ಮಣ್ಣಿನ ಸಪಾಟು ಛಾವಣಿ) ಮನಿಗೆ ಅದರಷ್ಟು ಸರಿಯಾದ್ದು ಇನ್ನೊಂದಿಲ್ಲ. ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಕೊತಕೊತ ಕುದಿತೈತಿ, ಅರಳಿ ಹಿಟ್ಟಾಗ್ತೈತಿ, ಗ್ವಾಡಿಗೆ ಹಚ್ಚಿದ ಮ್ಯಾಲ ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್ ಹಿಡಕೊಂಡು ತಿರುಗಿ ಕಲ್ಲಿನ ಗುಣಕ್ಕ ಬರ್ತೈತಿ, ಅದಕ್ಕ ಹಚ್ಚಿದ ದಿನ ಮಂಕಾಗಿ ಕಂಡಿದ್ದು ದಿನ ಕಳದಂಗ ಬೆಳ್ಳಗಾಗ್ತೈತಿ. ಗ್ವಾಡಿ ಬುಡದಾಗ ತೇವ ಏರಿ ಬಿಳಿ ಉಪ್ಪು ಮೂಡ್ತೈತಲ್ಲ, ಅಂತಾ ಗ್ವಾಡಿಗೆ ಎಮಲ್ಷನ್ ಹೊಡದ್ರ ಒಳಗಿನ ತೇವಕ್ಕ ಹೊರಗ ಬರಾಕ ದಾರಿ ಇಲ್ಲದಂಗಾಗಿ ಪೇಂಟ್ ಗುಳ್ಳಿ ಎದ್ದು ಸಿಪ್ಪಿ ಸಿಪ್ಪಿ ಉದರ್ತೈತಿ. ಸುಣ್ಣದ ಗ್ವಾಡಿ ಉಸುರಾಡತೈತಿ. ಮಾಳಗಿ ಮ್ಯಾಲ, ಆರ್‌ಸಿಸಿ ಛಾವಣಿ ಮ್ಯಾಲ ಬ್ಯಾಸಿಗಿ ಮುಂದ ಸುಣ್ಣ ಹೊಡದ್ರ ಬಿಸಲು ತಿರುಗಿ ಹೋಗಿ ಕೆಳಗ ರೂಮ್ ತುಸು ತಣ್ಣಗಿರ್ತೈತಿ, ಇದು ಡೆಕೋರೇಷನ್ ಅಲ್ಲ ಅನ್ನಬ್ಯಾಡ್ರಿ, ಬೆವರು ಸುರಿಯೋ ಪಡಸಾಲ್ಯಾಗ ಯಾವ ಡೆಕೋರೇಷನ್ನೂ ಚಂದ ಕಾಣಂಗಿಲ್ಲ.

ಹಚ್ಚೋದು ಹೆಂಗಂದ್ರ, ತೆಳ್ಳಗ ಎರಡು ಮೂರು ಕೈ, ಬಟ್ಟಿಲೆ ಸೋಸಿದ್ದು, ಮೊದ್ಲು ಗ್ವಾಡಿಗೆ ನೀರು ಚಿಮುಕಿಸಿ, ಸಂಜಿ ಹೊತ್ನಾಗ. ತುಸು ನೀಲಿ ಹಾಕಿದ್ರ ಬಿಳುಪು ಏಳ್ತೈತಿ, ತುಸು ಫೆವಿಕಾಲ್ ಇಲ್ಲಾ ಗೋಂದು ಹಾಕಿದ್ರ ಅಂಗಿ ಬೆನ್ನಿಗೆ ಹತ್ತೋದು ಕಡಿಮಿ. ಅರಳಿಸಾಕ ಅಲ್ಯುಮಿನಿಯಂ ಪಾತ್ರಿ ಬ್ಯಾಡ, ಸುಣ್ಣ ಅದನ್ನ ತಿಂತೈತಿ, ತೆಳ್ಳನ ಪ್ಲಾಸ್ಟಿಕ್ ಬಕೀಟೂ ಬ್ಯಾಡ, ಬಿಸಿಗೆ ಮೆತ್ತಗಾಗ್ತೈತಿ, ಹಳಿ ಕಬ್ಬಿಣದ ಡ್ರಮ್ ಇದ್ರ ಛಲೋ. ಈ ಕೆಲ್ಸಕ್ಕ ಹುಡುಗ್ರನ್ನ ಹತ್ರ ಬಿಡಬ್ಯಾಡ್ರಿ, ಕಣ್ಣಿಗೆ ಸಿಡದ್ರ ಕಣ್ಣೇ ಹೋಗೋ ಮಾತು, ದೊಡ್ಡೋರೂ ಕನ್ನಡಕ ಹಾಕ್ಕೊಂಡೇ ಮಾಡಬೇಕು. ಹುಡುಗ್ರ ಪಾಳಿ ಆಮ್ಯಾಲ ಬರ್ತೈತಿ: ಸುಣ್ಣ ಪೂರಾ ಒಣಗಿದ ಮ್ಯಾಲ ಬುಡಕ್ಕ ಒಂದ್ ಅಡಿ ಹುರಮಂಜು (ಕೆಂಪು ಮಣ್ಣಿನ ಬಣ್ಣ) ಪಟ್ಟಿ ಎಳದು, ಅದರ ಮ್ಯಾಲ ಚುಕ್ಕಿ ಬಳ್ಳಿ ಬರಿಯಾಕ ಬಿಡ್ರಿ. ನೆಲ ಒರಸುವಾಗ ಸಿಡದ ಹೊಲಸು ಆ ಕೆಂಪಿನಾಗ ಕಾಣಂಗೂ ಇಲ್ಲ.

ಡಿಸ್ಟೆಂಪರು ಸುಣ್ಣ, ಎಮಲ್ಷನ್ ಇವೆರಡರ ನಡುವಿನ ಬಣ್ಣ. ಸುಣ್ಣದಷ್ಟು ಕೈಗೆ ಹತ್ತಂಗಿಲ್ಲ, ಎಮಲ್ಷನ್ನಿನಷ್ಟು ತೊಳ್ಯಾಕ ಬರಂಗಿಲ್ಲ, ರೇಟು ಕಡಿಮಿ. ಆದ್ರ ಹಳಿ ಸುಣ್ಣದ ಮ್ಯಾಲ ಕೆರೀದಂಗ ಹಂಗೇ ಹೊಡದ್ರ ಹಪ್ಪಳದಂಗ ಏಳ್ತೈತಿ, ಕೆರದು ಪ್ರೈಮರ್ ಹೊಡಿಯೋ ಕೂಲಿ ಸೇರಿದ್ರ ಆ ಉಳಿಕಿ ಅಲ್ಲೇ ಹೋತು. ಸಣ್ಣ ಹುಡುಗ್ರು ಇರೋ ಮನಿ, ಪೆನ್ಸಿಲ್ ಗೀಚೋ ಗ್ವಾಡಿ ಇದ್ರ ಪಡಸಾಲಿ ಒಂದಕ್ಕರ ಎಮಲ್ಷನ್ ಹೊಡ್ಸಿ ಉಳಿದ ರೂಮಿಗೆ ಡಿಸ್ಟೆಂಪರ್ ಮಾಡ್ಸ್ರಿ ಅಂತೀನಿ ನಾನು.

ಕಿಡಕಿ

ರೆಡಿಮೇಡ್ ಪಾಲಿಯೆಸ್ಟರ್ ಪರದೆ, ಹಳಿ ಸೀರಿ ಪರದೆ, ಗೋಣಿ ತಟ್ಟು. ಪಾಲಿಯೆಸ್ಟರ್ ಬ್ಯಾಗ ಒಣಗ್ತೈತಿ, ಸುಕ್ಕು ಬೀಳಂಗಿಲ್ಲ, ಧೂಳು ಕೊಡವಿದ್ರ ಹೋಗ್ತೈತಿ, ಅದು ಒಪ್ಪೋ ಮಾತೇ. ಹಳಿ ಕಾಟನ್ ಸೀರಿ ಅಂದ್ರ ಖರ್ಚು ಬರೀ ಟೇಲರ್ ಹೊಲಿಗಿದು, ಒಂದು ಸೀರಿ ಐದೂವರಿ ಮೀಟರ್ ಬರೋದ್ರಿಂದ ನಾಲ್ಕು ಅಡಿ ಎತ್ತರದ ಕಿಡಕಿಗೆ ಮ್ಯಾಲ ಕೆಳಗ ಮಡಚಿ ಹೊಲದ್ರೂ ಮೂರು ತುಂಡು ಆರಾಮ ಆಗ್ತಾವ. ಸೆರಗು ಬಾಗ್ಲಿಗೆ, ಉಳಿದ ಮೈ ಕಿಡಕಿಗೆ ಅಂತ ಮೊದ್ಲೇ ಲೆಕ್ಕ ಹಾಕಿ ಕತ್ತರಿ ಹಾಕ್ರಿ. ಇಳಕಲ್ ಸೀರಿ ಸೆರಗು ಬಾಗ್ಲಿಗೆ ಬಿಟ್ರ ಅದರ ಮುಂದ ಯಾವ ಶೋರೂಮ್ ಪರದೆನೂ ಸಪ್ಪಗೆ. ಬಿಸಲು ಹೊಡಿಯೋ ಕಿಡಕಿಗೆ ಮಾತ್ರ ಒಳ್ಳೆ ಸೀರಿ ಹಾಕಬ್ಯಾಡ್ರಿ, ಒಂದೇ ಬ್ಯಾಸಿಗ್ಯಾಗ ಬಣ್ಣ ಇಳದು ಎಳಿ ಸೀಳ್ತೈತಿ.

ಪಡುವಣ ಕಿಡಕಿಗೆ ಖರೇ ಬೇಕಾದ್ದು ಹೊರಗಿನ ಮರೆ. ಬಿಸಲು ಗಾಜು ದಾಟಿ ಒಳಗ ಬಂದ ಮ್ಯಾಲ ಎಂತಾ ದಪ್ಪ ಪರದೆ ಇದ್ರೂ ಕಾವು ರೂಮಿನಾಗೇ ಉಳಿತೈತಿ, ಅದನ್ನ ಹೊರಗೇ ತಡೀಬೇಕು. ಗೋಣಿಚೀಲ ಬಿಚ್ಚಿ ಹೊಲದು ಹೊರಗ ಇಳಿ ಬಿಟ್ಟು ಮಧ್ಯಾಹ್ನ ನೀರು ಚಿಮುಕಿಸಿದ್ರ ಒಣ ಗಾಳಿಗೆ ನೀರು ಆರಿ ತಣ್ಣಗಾಗ್ತೈತಿ, ಕರಾವಳಿ ಕಡಿ ಗಾಳಿನೇ ಹಸಿ ಇರೋದ್ರಿಂದ ಇದು ನಡಿಯಂಗಿಲ್ಲ, ನಮ್ಮಲ್ಲಿ ನಡಿತೈತಿ. ಚಂದ ಬೇಕಂದ್ರ ಅಂಚಿಗೆ ಹಳಿ ಸೀರಿ ಪಟ್ಟಿ ಹೊಲೀರಿ. ಕಬ್ಬಿಣದ ಸರಳಿಗೆ ಅದು ತಾಗದಂಗ ನೋಡ್ರಿ, ಜಂಗು ಹಿಡಿತೈತಿ.

ನೆಲ, ಮಂಚ, ಕೂಡೋ ಜಾಗ

ಇಲ್ಲಿ ನನ್ನ ಪಕ್ಷಪಾತ ಮೊದ್ಲೇ ಹೇಳಿಬಿಡ್ತೀನಿ, ನಾನು ಕೌದಿ ಕಡಿಯಾಕಿ.

ಕಾರ್ಪೆಟ್ ಅಂತ ಅಗ್ಗದಾಗ ಸಿಗೋದು ಉದ್ದ ಕೂದಲಿಂದು, ಕಾಲಿಗೆ ಮೆತ್ತಗ, ಫೋಟೋಕ್ಕ ಭಾರಿ ಚಂದ. ಆದ್ರ ನಮ್ಮ ಧೂಳು ಆ ಕೂದಲ ಬುಡಕ್ಕ ಇಳಿತೈತಿ, ಕಸಬರಿಗಿಲೆ ಬರಂಗಿಲ್ಲ, ವ್ಯಾಕ್ಯೂಮ್ ಎಲ್ಲಾರ ಮನ್ಯಾಗ ಇರಂಗಿಲ್ಲ, ತೊಳದ್ರ ಒಜ್ಜಿ ಆಗಿ ಎತ್ತಾಕ ಬರಂಗಿಲ್ಲ. ದಮ್ಮು ಸೀನು ಇರೋ ಹುಡುಗ್ರ ಮನ್ಯಾಗಂತೂ ಬ್ಯಾಡೇ ಬ್ಯಾಡ.

ಕೌದಿಗೆ ಬಂಡವಾಳ ಅಂದ್ರ ಹಳಿ ಬಟ್ಟಿ. ಕೆಳಗ ಒಂದು ಸೀರಿನೋ ಧೋತರನೋ, ನಡುವ ಹರದಿದ್ದು ಮುರದಿದ್ದು ಎಲ್ಲಾ, ಮ್ಯಾಲ ಬಣ್ಣದ ತುಂಡು ಜೋಡ್ಸಿ, ಅಂಚಿನಿಂದ ಒಳಗ ಸಾಲು ಸಾಲು ದೊರ (ಕೈ ಹೊಲಿಗಿ) ಹಾಕ್ಕೊಂತ ಬರೋದು. ಹಬ್ಬದ ಮುಂದ ಹೊಳಿಗೋ ಕಾಲುವಿಗೋ ಒಯ್ದು ಒಗದು ಬಿಸಲಿಗೆ ಹಾಕಿದ್ರ ಮುಗೀತು. ಹಾಸಬೌದು, ಹೊದಿಬೌದು, ದಿವಾನಾ ಮ್ಯಾಲ ಹಾಕಬೌದು, ಗ್ವಾಡಿಗೆ ತೂಗು ಹಾಕಿದ್ರ ದೊಡ್ಡ ಪೇಂಟಿಂಗ್ ಹಾಕಿದಂಗ, ಗ್ವಾಡಿ ಸೀಳಿದ್ದೂ ಮುಚ್ಚತೈತಿ, ಬಾಡಿಗಿ ಮನಿ ಬಿಟ್ಟು ಹೋಗುವಾಗ ಮಡಚಿ ಒಯ್ಯಬೌದು. ಕೊರತೆ ಎರಡು: ವ್ಯಾಳೆ ಭಾಳ ಬೇಡತೈತಿ, ಮತ್ತ ನೀರು ಹಿಡದಾಗ ಒಬ್ಬರ ಕೈಲೆ ಹಿಂಡಾಕ ಆಗಂಗಿಲ್ಲ. ಕೈ ಹೊಲಿಗಿಗೆ ಪುರುಸೊತ್ತಿಲ್ಲಂದ್ರ ಹೊಲಿಯೋ ಹೆಣಮಕ್ಕಳಿಗೆ ಕೊಡ್ರಿ, ಬಟ್ಟಿ ದಾರ ನಿಮ್ಮದು, ಅಳತಿ ಮತ್ತ ಕೂಲಿ ಮೊದ್ಲೇ ಮಾತಾಡ್ರಿ, ಅರ್ಧಕ್ಕ ಬಂದ ಮ್ಯಾಲ ಚೌಕಾಸಿ ಮಾಡೋದು ಸರಿ ಅಲ್ಲ, ಸಣ್ಣ ದೊರ ಹಾಕೋ ಕೈಗೆ ಅದರ ಬೆಲಿ ಕೊಡಬೇಕು. ಮೊದ್ಲ ಸಲ ಮಾಡೋರು ದೊಡ್ಡ ಕೌದಿಗೆ ಕೈ ಹಾಕಬ್ಯಾಡ್ರಿ, ಕೂಸಿನ ತೊಟ್ಲದಷ್ಟು ಅಳತಿ ಹಿಡೀರಿ, ಅದು ಮುಗಿತೈತಿ.

ಇವೆರಡರ ಮಧ್ಯೆ ನಮ್ಮ ಬಳ್ಳಾರಿದೇ ಒಂದು ಆಪ್ಷನ್ ಐತಿ, ಜೀನ್ಸ್ ತುಂಡು. ಊರ ತುಂಬಾ ಜೀನ್ಸ್ ಹೊಲಿಯೋ ಯೂನಿಟ್ಟು, ಕಟಿಂಗ್ ಮಾಡಿ ಉಳಿದ ತುಂಡು ಬೀಳ್ತಾನೇ ಇರ್ತಾವ, ಗುರ್ತಿನೋರು ಇದ್ರ ಕೇಳಿ ನೋಡ್ರಿ, ಇಲ್ಲಂದ್ರ ಮನ್ಯಾಗಿನ ಹಳಿ ಪ್ಯಾಂಟು ಸಾಕು. ಕಾಲು ಒರಸೋ ಚಾಪಿ, ಕುರ್ಚಿ ಮೆತ್ತಿ ಕವರು, ಗ್ವಾಡಿಗೆ ತೂಗು ಹಾಕೋ ಕಿಸೆಗಳ ಪಟ್ಟಿ — ಪ್ಯಾಂಟಿನ ಹಿಂದಿನ ಕಿಸೆ ಹಂಗೇ ಕತ್ತರಿಸಿ ಒಂದು ಬಟ್ಟಿ ಮ್ಯಾಲ ಸಾಲಾಗಿ ಹೊಲದ್ರ ಬಾಚಣಗಿ, ಪೆನ್ನು, ಕರೆಂಟ್ ಬಿಲ್ಲು ಎಲ್ಲಾ ಒಂದೇ ಕಡಿ. ಇದು ಕೌದಿಗಿಂತ ಬ್ಯಾಗ ಆಗ್ತೈತಿ, ಕಾರ್ಪೆಟ್ಟಿಗಿಂತ ಬಾಳಿಕಿ. ಆದ್ರ ಮನಿ ಮಷೀನಿನಾಗ ಸಾದಾ ಸೂಜಿ ಹಾಕಿ ಹೊಲದ್ರ ಸೂಜಿ ಮುರಿತೈತಿ, 16 ಇಲ್ಲಾ 18 ನಂಬರ್ ಸೂಜಿ ಹಾಕ್ರಿ, ಮಡಿಕಿ ನಾಲ್ಕು ಪದರ ಕೂಡೋ ಕಡಿ ಚಕ್ರ ಕೈಲೆ ತಿರುಗ್ಸಿ ದಾಟ್ಸ್ರಿ. ಹೊಸ ತುಂಡು ನೀಲಿ ಬಿಡ್ತೈತಿ, ಹೊಲಿಯೋಕ ಮುಂಚೆ ಬ್ಯಾರೆಯಾಗೇ ಎರಡು ಸಲ ತೊಳೀರಿ, ಇಲ್ಲಂದ್ರ ಬಿಳಿ ಟೈಲ್ಸಿನ ಮ್ಯಾಲ ನೀಲಿ ಹೆಜ್ಜಿ ಮೂಡ್ತಾವ. ನಾನು ಹೇಳೋದಾದ್ರ ಬಾಗ್ಲ ಹತ್ರ ಜೀನ್ಸ್ ಚಾಪಿ, ಪಡಸಾಲಿ ದಿವಾನಕ್ಕ ಕೌದಿ.

ದಿಂಬಿಗೆ ತುಂಬೋದು ಹತ್ತಿನೋ ಫೈಬರೋ ಅಂತ ಕೇಳ್ತಾರ. ರಾಯಚೂರು ಹತ್ತಿ ಮಾರ್ಕೆಟ್ಟಿಗೆ ಹೆಸರಾದ ಊರು, ನಮಗ ಹತ್ತಿ ಹೊಸದಲ್ಲ. ಹತ್ತಿ ತಂಪು, ಗಂಟಾದ್ರ ಗಾದಿ ಹಿಂಜೋರ ಹತ್ರ ಒಯ್ದು ಹಿಂಜಿಸಿದ್ರ ಮತ್ತ ಹೊಸದು. ಫೈಬರ್ ಬಕೀಟಿನಾಗ ತೊಳ್ಯಾಕ ಬರ್ತೈತಿ, ಬೆವರಿಗೆ ಬಿಸಿ. ತಲಿದಿಂಬಿಗೆ ಹತ್ತಿ, ಹುಡುಗ್ರು ಒಗದಾಡೋ ಸಣ್ಣ ದಿಂಬಿಗೆ ಫೈಬರ್, ಇಷ್ಟೇ.

ಹುಡುಗ್ರ ಜೊತಿ ಮಾಡೋದು

ಇದಕ್ಕ ಋತು ನೋಡಬೇಕು, ಇದನ್ನ ಯಾರೂ ಹೇಳಂಗಿಲ್ಲ. ಬ್ಯಾಸಿಗಿ ರಜಾದಾಗ ಕಾಗದದ ರಾಡಿ ಕೆಲ್ಸ ಹಿಡೀರಿ. ಹಳಿ ಪೇಪರ್ ಹರದು ರಾತ್ರಿ ನೆನಸಿ, ರುಬ್ಬಿ, ಹಿಂಡಿ, ಅಂಟು ಕಲಸಿ, ಬುಟ್ಟಿ ಬೋರಲು ಹಾಕಿ ಅದರ ಮ್ಯಾಲ ತೆಳ್ಳಗ ಬಡದ್ರ ಬಟ್ಟಲು, ದೀಪದ ಕವಚ, ಮುಖವಾಡ ಏನ್ ಬೇಕಾದ್ರೂ ಆಗ್ತೈತಿ. ಬ್ಯಾರೆ ಊರಾಗ ವಾರಗಟ್ಲೆ ಒಣಗೋದು ನಮ್ಮ ಮಾಳಗಿ ಮ್ಯಾಲ ಬ್ಯಾಗ ಒಣಗ್ತೈತಿ. ಮಳಿಗಾಲದಾಗ ಮಾಡಿದ್ರ ಬೂಸ್ರು ಹಿಡಿತೈತಿ. ಅಂಟಿಗೆ ಮೈದಾ ಗಂಜಿನೂ ಆದೀತು, ಹುಣಸಿ ಬೀಜದ ಅಂಟು ಇನ್ನೂ ಗಟ್ಟಿ — ಬೀಜ ಹುರದು, ಮ್ಯಾಲಿನ ಕೆಂಪು ಸಿಪ್ಪಿ ತಗದು, ನೆನಸಿ ರುಬ್ಬಿ ಕಾಸೋದು, ಕಂಬಳಿ ನೇಯೋರು ಕಂಬಳಿಗೆ ಹಾಕೋದೂ ಅದೇ ಅಂಟು. ಹುಳ ಬರಬಾರ್ದು ಅಂತ ಮೈಲುತುತ್ತ ಹಾಕೋರು ಅದಾರ, ಅದು ವಿಷ, ಹುಡುಗ್ರ ಕೈ ಆಡೋ ಕೆಲ್ಸದಾಗ ಬ್ಯಾಡ. ಒಣಗಿದ ಮ್ಯಾಲ ಸೀಮೆಸುಣ್ಣದ ಪುಡಿ ಫೆವಿಕಾಲ್ ಕಲಸಿ ಒಂದು ಕೈ ಹಚ್ಚಿ ಬಣ್ಣ ಹಚ್ರಿ, ಬಣ್ಣ ಹೀರ್ಕೊಳ್ಳಂಗಿಲ್ಲ.

ಮಣ್ಣಿನ ಕೆಲ್ಸಕ್ಕ ಮಣ್ಣೆತ್ತಿನ ಅಮಾಸಿ, ಆಮ್ಯಾಲ ಆಷಾಢದಾಗ ಮಣ್ಣಿಲೆ ಮಾಡಿ ಪೂಜಿಸೋ ಗುಳ್ಳವ್ವ, ಹೆಂಗೂ ಮನ್ಯಾಗ ಮಣ್ಣು ಬಂದೇ ಇರ್ತೈತಿ. ಎರಿ ಮಣ್ಣಿನ ಎತ್ತು ಒಣಗಿದ್ರ ಬಿರಿತೈತಿ, ಅದು ಆ ಮಣ್ಣಿನ ಗುಣ, ಬಾಳಿಕಿ ಬರಲಿ ಅಂತ ಇದ್ರ ಕುಂಬಾರರ ಹತ್ರ ಸುಟ್ಟ ಕುಡಿಕಿ, ಹಣತಿ ತಂದು ಬಣ್ಣ ಹಚ್ಚಿಸ್ರಿ. ಪೋಸ್ಟರ್ ಕಲರ್ ಸೋವಿ, ಆದ್ರ ನೀರು ತಾಗಿದ್ರ ಇಳಿತೈತಿ, ಗಿಡ ಹಚ್ಚೋ ಕುಂಡಕ್ಕ ಅಕ್ರಿಲಿಕ್ಕೇ ಬೇಕು. ಕುಡಿಯೋ ನೀರಿನ ಮಡಿಕಿಗೆ ಮಾತ್ರ ಯಾವ ಬಣ್ಣನೂ ಬ್ಯಾಡ, ಸಣ್ಣ ತೂತು ಮುಚ್ಚಿದ್ರ ನೀರು ತಣ್ಣಗಾಗಂಗಿಲ್ಲ.

ಆಕಾಶಬುಟ್ಟಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಬಿದಿರು ಕಡ್ಡಿ, ದಾರ, ಗಾಳಿಪಟದ ಕಾಗದ ತಂದ್ರ ರೆಡಿಮೇಡ್ ಒಂದರ ರೊಕ್ಕದಾಗ ಎರಡು ಮೂರು ಆಗ್ತಾವ, ಒಳಗ ಎಲ್‌ಇಡಿ ಬಲ್ಬೇ ಹಾಕ್ರಿ, ಹಳಿ ಕಾವಿನ ಬಲ್ಬು ಕಾಗದ ಸುಡತೈತಿ.

ಕೊಂಡು ತರೋದಾದ್ರ

ಎಲ್ಲಾ ಮನ್ಯಾಗೇ ಮಾಡಬೇಕು ಅಂತ ಹಟ ಇಲ್ಲ. ಫೋಮ್ ಶೀಟಿಗೆ ಇಟ್ಟ ರೊಕ್ಕ ಉಳದಿದ್ರ ನಮ್ಮ ಕಡಿ ಕೈಕೆಲ್ಸ ಒಂದು ತರ್ರಿ, ಒಂದೇ. ಈಗ ಯಾವುದು?

ಕೊಪ್ಪಳ ತಾಲೂಕಿನ ಕಿನ್ನಾಳದ್ದು ಹಗುರ ಕಟ್ಟಿಗಿ ಕೆಲ್ಸ, ಚಿತ್ರಗಾರ ಮನಿತನದೋರು ಮಾಡೋದು, ಭೌಗೋಳಿಕ ಗುರುತು ಅಂದ್ರ ಜಿಐ ಟ್ಯಾಗ್ ಸಿಕ್ಕೈತಿ. ಕಟ್ಟಿಗಿ ಪುಡಿ, ಗೋಣಿ ನಾರು, ಹುಣಸಿ ಬೀಜದ ಅಂಟು ಕಲಸಿದ ಕಿಟ್ಟದಿಂದ ಸಂದು ತುಂಬಿ ಬಣ್ಣ ಹಚ್ತಾರ. ಮನ್ಯಾಗ ಹುಡುಗ್ರು ಹುಣಸಿ ಅಂಟಿನ ಕೆಲ್ಸ ಮಾಡಿದ್ರ ಇದನ್ನ ಹ್ಯಾಂಗ ಮಾಡ್ಯಾರ ಅಂತ ಅವರಿಗೇ ತಿಳಿತೈತಿ. ದೊಡ್ಡ ಗರುಡ, ಕಾಮಧೇನು ತುಟ್ಟಿ, ಸಣ್ಣ ಗಿಣಿ, ಆನಿ ಕೈಗೆ ಎಟಕ್ತಾವ. ಹಸಿ ಬಟ್ಟಿಲೆ ಒರಸಬ್ಯಾಡ್ರಿ, ಮೆತ್ತನ ಬ್ರಶ್ಶಿಲೆ ಧೂಳು ತಗೀರಿ, ಬಿಸಲು ನೇರ ಬೀಳೋ ಶೋಕೇಸು ಬ್ಯಾಡ.

ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಐತಿ. 2023ರ ಜುಲೈನಾಗ ಹಂಪ್ಯಾಗ ಜಿ20 ಸಭೆ ಆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣಮಕ್ಕಳು ಮಾಡಿದ 1755 ಲಂಬಾಣಿ ವಸ್ತು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆತು. ಕನ್ನಡಿ ಕೆಲ್ಸದ ಒಂದು ದಿಂಬಿನ ಕವರ್ ತಂದು ಸಾದಾ ಕೌದಿ ಮ್ಯಾಲ ಇಟ್ರ ಇಡೀ ಪಡಸಾಲಿ ಎದ್ದು ಕಾಣತೈತಿ. ಆದ್ರ ಕನ್ನಡಿ ಇರೋದ್ರಿಂದ ಮಷೀನಿಗೆ ಹಾಕಂಗಿಲ್ಲ, ಕೂಸು ಇರೋ ಮನ್ಯಾಗ ನೆಲದ ಮ್ಯಾಲ ಹಾಕಂಗಿಲ್ಲ.

ಹಂಪಿ ಹತ್ರದ ಆನೆಗೊಂದಿ ಬಾಳಿ ನಾರಿನ ಸಾಮಾನು ಮೂರನೇದು. ಬಾಳಿ ಒಂದು ಸಲ ಗೊನಿ ಹಾಕಿದ ಮ್ಯಾಲ ಆ ದಿಂಡು ಕಡದು ಒಗಿಯೋದೇ, ಆ ದಿಂಡಿನ ನಾರು ತಗದು ಹಗ್ಗ ಹೊಸದು ಬುಟ್ಟಿ, ಚೀಲ, ಚಾಪಿ ಮಾಡ್ತಾರ, 1997ರಾಗ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಅನ್ನೋ ಸಂಸ್ಥೆ ಅಲ್ಲಿ ಹೆಣಮಕ್ಕಳಿಗೆ ಈ ಕೆಲ್ಸ ಕಲಿಸೈತಿ. ಈ ಮೂರರಾಗ ದಿನಾ ಕೈಯಾಗ ಆಡೋದು ಇದೇ, ಉಳ್ಳಾಗಡ್ಡಿ ಬುಟ್ಟಿ ಮಾಡ್ರಿ, ಹುಡುಗ್ರ ಆಟಿಗಿ ತುಂಬ್ರಿ, ಧೂಳು ಬಡದು ಕೊಡವಿದ್ರ ಹೋಗ್ತೈತಿ, ನೀರಾಗ ನೆನಿ ಹಾಕಬ್ಯಾಡ್ರಿ ಅಷ್ಟೇ.

ಸಣ್ಣ ಹುಡುಗ್ರಿದ್ರ ಬಾಳಿ ನಾರಿನ ಬುಟ್ಟಿ, ದೊಡ್ಡ ಮಕ್ಕಳ ಮನಿಗೆ ಲಂಬಾಣಿ ಕವರು, ಗೃಹಪ್ರವೇಶಕ್ಕ ಕೊಡೋದಿದ್ರ ಕಿನ್ನಾಳದ ಗಿಣಿ ಜೋಡಿ. ಆಗೋದಾದ್ರ ಮಾಡೋರ ಊರಿಗೇ ಹೋಗಿ ತರ್ರಿ, ಹುಡುಗ್ರನ್ನೂ ಕರ್ಕೊಂಡು ಹೋಗ್ರಿ, ಕೆಲ್ಸ ನಡಿಯೋದು ನೋಡಿದ್ರ ರೇಟಿಗೆ ಜಗ್ಗಾಡಬೇಕು ಅನ್ಸಂಗಿಲ್ಲ.